ಬೀಗದ ಕೈ ಯಾರ ಹತ್ತಿರ

ತುಮಕೂರು ಜಿಲ್ಲೆಯ ನಮ್ಮ ಸಂಪಿಗೆ ಸೀಮೆಯಲ್ಲಿ ಹೆರಿಗೆ ಮಾಡಿಸುವುದು ಮೊದಲಿಂದ ಡಾಕ್ಟರ ಕೆಲಸವೇ ಆಗಿರಲಿಲ್ಲ. ಅದು ಸೂಲಗಿತ್ತಿಯದು. ನಾನು ಹುಟ್ಟಿದ್ದು, ನನ್ನ ತಂಗಿ ಹುಟ್ಟಿದ್ದು, ನಮ್ಮ ಬೀದಿಯ ಅಷ್ಟೂ ಮಕ್ಕಳು ಹುಟ್ಟಿದ್ದು ಒಬ್ಬಳೇ ಅಜ್ಜಿಯ ಕೈಯಲ್ಲಿ. ನಮ್ಮ ಜಿಲ್ಲೆಯ ಇನ್ನೊಂದು ತುದಿಯಲ್ಲಿರುವ ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ ಓದು ಬರಹ ಬಾರದವರು ಇಷ್ಟೊಂದು ಹೆರಿಗೆ ಮಾಡಿಸಿದ್ದಾರಾ ಎಂದು ಪಟ್ಟಣದವರು ಬೆರಗಾದರು. ಹಳ್ಳಿಯವರಾದ ನಮಗೆ ಬೆರಗಿಗಿಂತ ಸಂತೋಷ ಹೆಚ್ಚಾಯಿತು. ಆ ಕೆಲಸ ಮೊದಲು ಊರಿನ ಹೆಂಗಸರ ಕೈಯಲ್ಲಿತ್ತು, ಆಮೇಲೆ ಆಸ್ಪತ್ರೆಗೆ ಹೋಯಿತು, ಡಾಕ್ಟರು ಸಾಲದೆ ಹೋದಾಗ ತಿರುಗಿ ನಮ್ಮಂಥವರ ಕೈಗೆ ಬಂತು. ಈಗ ಆರೋಗ್ಯ ಇಲಾಖೆಯ ಸಭೆಗಳಲ್ಲಿ ಡಾಕ್ಟರ ಕೆಲಸವನ್ನು ನರ್ಸುಗಳಿಗೆ ವಹಿಸುವ ಮಾತು ಬಂದಾಗಲೆಲ್ಲ ನನಗೆ ನೆನಪಾಗುವುದು ನಾನು ನೋಡಿದ ಇಬ್ಬರು ಡಾಕ್ಟರು ಮತ್ತು ಒಂದು ಬೀರು.

ಎಸ್ಸೆಸ್ಸೆಲ್ಸಿ ಮುಗಿಸಿ, 18 ತಿಂಗಳ ಎ.ಎನ್.ಎಂ. ತರಬೇತಿ ಪಡೆದು ನಾನು ಕೆಲಸಕ್ಕೆ ಸೇರಿದ್ದು ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ. ಅಲ್ಲಿಯವರೆಗೆ ಮಲೇರಿಯಾಕ್ಕೆ ಒಬ್ಬರು, ಸಿಡುಬಿಗೆ ಒಬ್ಬರು, ಕುಟುಂಬ ಯೋಜನೆಗೆ ಇನ್ನೊಬ್ಬರು ಎಂದು ಊರೂರು ತಿರುಗುತ್ತಿದ್ದರಂತೆ. 1973ರ ಕರ್ತಾರ್ ಸಿಂಗ್ ಸಮಿತಿ ಅವರನ್ನೆಲ್ಲ ಒಂದು ಮಾಡಿ, ಉಪಕೇಂದ್ರಕ್ಕೆ ಒಬ್ಬ ಗಂಡಸು ಒಬ್ಬ ಹೆಂಗಸು ಸಾಕು, ಎಲ್ಲ ಕೆಲಸವೂ ಅವರಿಗೆ ತಿಳಿದಿರಲಿ ಎಂದಿತು. ಹಾಗೆ ಬಂದವಳು ನಾನು. ಸರ್ಕಾರಿ ಕಾಗದದಲ್ಲಿ ಕಿರಿಯ ಮಹಿಳಾ ಆರೋಗ್ಯ ಸಹಾಯಕಿ, ಊರವರ ಬಾಯಲ್ಲಿ ನರ್ಸಮ್ಮ. ಸುಮಾರು 5,000 ಜನಕ್ಕೆ ಒಬ್ಬ ನರ್ಸಮ್ಮ ಎಂಬ ಲೆಕ್ಕ. ನಮ್ಮ ಕಡೆ ಆ ಐದು ಸಾವಿರ ಜನ ಒಂದೆಡೆ ಇರುವುದಿಲ್ಲ. ಊರು ಬಿಟ್ಟು ತೋಟದ ಮನೆಗಳಲ್ಲಿ ಚೆದುರಿರುತ್ತಾರೆ. ಸಂಪಿಗೆ ರೋಡ್ ಸ್ಟೇಷನ್ನಿಗೆ ರೈಲು ಬಂದ ಸದ್ದು ಕೇಳಿ ಹೊತ್ತು ಗೊತ್ತುಮಾಡಿಕೊಂಡು, ತೆಂಗಿನ ಸಾಲಿನ ಮಧ್ಯೆ ಟಾರ್ಚ್ ಹಿಡಿದು ನಡೆದರೆ ಯಾವುದೋ ಅಟ್ಟದ ಮನೆಯ ದೀಪ ಕಾಣುತ್ತಿತ್ತು. ಅಟ್ಟದ ಮೇಲೆ ವರ್ಷಪೂರ್ತಿ ಒಣಗುವ ಕೊಬ್ಬರಿ, ಕೆಳಗೆ ನಡುಮನೆಯಲ್ಲಿ ನೋವು ತಿನ್ನುವ ಬಸುರಿ.

ಹೆರಿಗೆಯಲ್ಲಿ ನಮಗೆ ಭಯ ಹುಟ್ಟಿಸುತ್ತಿದ್ದದ್ದು ಮಗು ಬಂದ ಮೇಲಿನ ಗಳಿಗೆ. ಮಾಸು ಬಿದ್ದ ಮೇಲೆ ಗರ್ಭಕೋಶ ಬಿಗಿದು ಗಟ್ಟಿಯಾಗಬೇಕು. ಆಗದಿದ್ದರೆ ರಕ್ತ ನಿಲ್ಲುವುದಿಲ್ಲ. ಸೀರೆ, ಚಾಪೆ, ನೆಲ ಒದ್ದೆಯಾಗಿ, ಮಾತಾಡುತ್ತಿದ್ದವಳು ಮಾತು ನಿಲ್ಲಿಸುತ್ತಾಳೆ. ಎರಡು ಗಂಟೆಯೊಳಗೆ ಜೀವ ಹೋಗಬಹುದು. ಅದಕ್ಕೆ ಆಗ ಇದ್ದ ಮದ್ದು ಮೆಥರ್ಜಿನ್ ಎಂಬ ಸಣ್ಣ ಇಂಜೆಕ್ಷನ್. ಅದನ್ನು ನಾವು ಕೊಡಬಹುದೋ ಬೇಡವೋ ಎಂಬುದು ಮಾತ್ರ ಡಾಕ್ಟರಿಂದ ಡಾಕ್ಟರಿಗೆ ಬದಲಾಗುತ್ತಿತ್ತು.

ನಾನು ಸೇರಿದಾಗ ಇದ್ದ ಡಾಕ್ಟರು ಆ ಇಂಜೆಕ್ಷನ್ನನ್ನು ಪ್ರಾಥಮಿಕ ಆರೋಗ್ಯ ಕೇಂದ್ರದ (ಪಿ.ಎಚ್.ಸಿ.) ಬೀರುವಿನಲ್ಲಿಟ್ಟು ಬೀಗ ಹಾಕುತ್ತಿದ್ದರು. ಬೀಗದ ಕೈ ಅವರ ಜೇಬಿನಲ್ಲಿ, ಅವರ ಸಂಸಾರ ತುಮಕೂರಿನಲ್ಲಿ. ಅವರ ಭಯಕ್ಕೆ ಕಾರಣವಿರಲಿಲ್ಲ ಎಂದು ನಾನು ಹೇಳುವುದಿಲ್ಲ. ಮಗು ಹೊರಗೆ ಬರುವ ಮೊದಲೇ ಮೆಥರ್ಜಿನ್ ಕೊಟ್ಟರೆ ಗರ್ಭಕೋಶ ಒಡೆದೀತು, ಬಿ.ಪಿ. ಇದ್ದವಳಿಗೆ ಕೊಟ್ಟರೆ ತಲೆಯಲ್ಲಿ ರಕ್ತನಾಳ ಒಡೆದೀತು. ಆದರೆ ಆ ಅಪಾಯವನ್ನು ನಮಗೆ ಹೇಳಿಕೊಡುವ ಬದಲು ಅವರು ಬೀಗ ಹಾಕಿದರು. ನಾವು ಹೆರಿಗೆ ಮಾಡಿಸುವುದು ಬೇಡವೆಂದೂ ಅವರು ಹೇಳಲಿಲ್ಲ. ಕೆಲಸವೆಲ್ಲ ನಮ್ಮದು, ಅದಕ್ಕೆ ಬೇಕಾದ ಮದ್ದು ಅವರದು. ಆ ವರ್ಷಗಳಲ್ಲಿ ನಾನು ಹೊಟ್ಟೆ ಉಜ್ಜಿ, ಉಚ್ಚೆ ಹೊಯ್ಯಿಸಿ, ಮಗುವನ್ನು ಮೊಲೆಗೆ ಹಚ್ಚಿ, ಕೈಯಲ್ಲಿ ಆಗುವುದನ್ನೆಲ್ಲ ಮಾಡಿ, ಟ್ರ್ಯಾಕ್ಟರೋ ಎತ್ತಿನ ಗಾಡಿಯೋ ಬರುವವರೆಗೆ ಕಾದಿದ್ದೇನೆ.

ಅವರು ವರ್ಗವಾದ ಮೇಲೆ ಬಂದವರು ಬೀದರ್ ಕಡೆಯ ಲೇಡಿ ಡಾಕ್ಟರು. ಅವರ ಮಾತು ನಮಗೆ, ನಮ್ಮ ಮಾತು ಅವರಿಗೆ ಅರ್ಥವಾಗಲು ಸ್ವಲ್ಪ ದಿನ ಹಿಡಿಯಿತು. ಮೊದಲ ತಿಂಗಳ ಮೀಟಿಂಗಿನಲ್ಲಿ ಎಲ್ಲ ಉಪಕೇಂದ್ರದವರನ್ನೂ ಕೂರಿಸಿಕೊಂಡು, ಒಬ್ಬೊಬ್ಬರಿಗೂ ಒಂದು ಉದ್ದನೆ ನೋಟ್‌ಬುಕ್ ಕೊಟ್ಟು, ತಾವೇ ಹೇಳಿ ಬರೆಸಿದರು. ಯಾವಾಗ ಕೊಡಬೇಕು, ಯಾರಿಗೆ ಕೊಡಲೇಬಾರದು, ಕೊಟ್ಟ ಮೇಲೆ ಎಷ್ಟು ಹೊತ್ತು ಪಕ್ಕದಲ್ಲಿರಬೇಕು, ಯಾವ ಗುರುತು ಕಂಡರೆ ಇನ್ನು ಕಾಯಬಾರದು. ಪ್ರತಿ ಪುಟದ ಕೆಳಗೆ ಸಹಿ ಹಾಕಿ ತಾರೀಖು ಬರೆದರು. ಆಮೇಲೆ ಹೇಳಿದರು: "ಈ ಪುಸ್ತಕದಾಗ ಇದ್ದಂಗ ನೀವು ಕೊಟ್ರಿ ಅಂದ್ರ, ಕೊಟ್ಟಾಕಿ ನಾ ಅಂತ ತಿಳೀರಿ. ಏನರ ಆದ್ರ ಉತ್ತರ ನಾ ಹೇಳ್ತೀನಿ."

ಕೈ ಪಳಗಲೆಂದು ನಮ್ಮನ್ನು ಸರದಿಯ ಮೇಲೆ ತಾಲ್ಲೂಕು ಆಸ್ಪತ್ರೆಯ ಹೆರಿಗೆ ವಾರ್ಡಿಗೆ ಕಳಿಸಿದರು. ತಿಂಗಳಿಗೊಮ್ಮೆ ನೋಟ್‌ಬುಕ್ ತರಿಸಿಕೊಂಡು, ನಾವು ಕೊಟ್ಟಿದ್ದನ್ನೂ ಕೊಡದೆ ಬಿಟ್ಟಿದ್ದನ್ನೂ ಒಂದೊಂದಾಗಿ ಕೇಳುತ್ತಿದ್ದರು. ಕೊಡದೆ ಬಿಟ್ಟಿದ್ದನ್ನು ಕೇಳುವ ಡಾಕ್ಟರನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಮಳೆಗಾಲದ ಒಂದು ರಾತ್ರಿ, ಹಳ್ಳ ತುಂಬಿ ಹೊರಗೆ ಹೋಗುವ ದಾರಿಯೇ ಇಲ್ಲದಾಗ, ತೋಟದ ಮನೆಯೊಂದರಲ್ಲಿ ಆ ಪುಸ್ತಕ ಒಂದು ಜೀವ ಉಳಿಸಿತು. ಬೆಳಿಗ್ಗೆ ನೀರಿಳಿದ ಮೇಲೆ ಆಕೆಯನ್ನು ತುರುವೇಕೆರೆಗೆ ಸಾಗಿಸಿದೆವು. ಆಕೆಯ ಅತ್ತೆ ನನ್ನ ಕೈ ಹಿಡಿದುಕೊಂಡು, "ನೀನೇ ಡಾಕ್ಟ್ರು ಕಣವ್ವ ನಮ್ಗೆ" ಎಂದಳು. ಅದು ಪ್ರೀತಿಯ ಮಾತು, ಆದರೆ ನಿಜವಲ್ಲ. ಡಾಕ್ಟರು ಆ ಮನೆಯಲ್ಲಿ ಪುಸ್ತಕದ ರೂಪದಲ್ಲಿ ಇದ್ದರು. ಅವರ ಹೊಣೆ ನನ್ನ ಕೈಯಲ್ಲಿತ್ತು, ನನ್ನ ಹೊಣೆ ಅವರ ಸಹಿಯಲ್ಲಿತ್ತು. ಕೆಲಸ ವಹಿಸುವುದು ಎಂದರೆ ಏನು ಎಂದು ನಾನು ಕಲಿತದ್ದು ಅವರಿಂದ. ಮುಂದೆ ಬಂದ ಎಷ್ಟೋ ಸುತ್ತೋಲೆಗಳನ್ನು ನಾನು ಅಳೆದು ನೋಡಿದ್ದು ಆ ನೋಟ್‌ಬುಕ್ಕಿನಿಂದಲೇ.

ಆದರೆ ಆ ಪುಸ್ತಕದಲ್ಲೂ ಬರೆಯಲಾಗದ ಒಂದಿತ್ತು. ತೊಂಬತ್ತರ ದಶಕದಲ್ಲಿ, ಎಂಟು ತಿಂಗಳ ಚೊಚ್ಚಿಲ ಬಸುರಿಯೊಬ್ಬಳ ಮುಖ ಊದಿ, ತಲೆನೋವೆಂದು ಮಲಗಿದ್ದವಳಿಗೆ ಬೆಳಗಿನ ಜಾವ ಫಿಟ್ಸ್ ಬಂತು. ನಾನು ಹೋಗುವಷ್ಟರಲ್ಲಿ ಎರಡನೆಯದು. ನಾಲಿಗೆ ಕಚ್ಚದಂತೆ ನೋಡಿಕೊಂಡು, ಮಗ್ಗುಲಿಗೆ ಮಲಗಿಸಿ, ಟೆಂಪೋ ಹತ್ತಿಸಿಕೊಂಡು ತುಮಕೂರಿನ ದಾರಿ ಹಿಡಿದೆವು. ಆ ಫಿಟ್ಸ್ ನಿಲ್ಲಿಸುವ ಮದ್ದು ಮೆಗ್ನೀಸಿಯಂ ಸಲ್ಫೇಟ್. ಅಗ್ಗದ ಮದ್ದು, ದೊಡ್ಡಾಸ್ಪತ್ರೆಯಲ್ಲಿ ಮಾತ್ರ ಇರುತ್ತಿತ್ತು, ಡಾಕ್ಟರು ಮಾತ್ರ ಕೊಡುತ್ತಿದ್ದರು. ಗುಬ್ಬಿ ದಾಟುವ ಹೊತ್ತಿಗೆ ಅವಳ ಉಸಿರು ನಿಂತಿತು. ಗಂಡನಿಗೆ ಏನು ಹೇಳಬೇಕೆಂದು ನನಗೆ ತೋಚಲಿಲ್ಲ, ಟೆಂಪೋ ಹಿಂದಕ್ಕೆ ತಿರುಗಿತು.

ಆ ಮದ್ದಿನ ಗುಣ 1995ರಲ್ಲೂ ಮತ್ತೆ 2002ರಲ್ಲೂ ಹಲವು ದೇಶಗಳ ಸಾವಿರಾರು ಬಸುರಿಯರ ಮೇಲೆ ನಡೆದ ದೊಡ್ಡ ಅಧ್ಯಯನಗಳಲ್ಲಿ ಸಾಬೀತಾಯಿತು. ನಮ್ಮ ದೇಶದಲ್ಲಿ ಎ.ಎನ್.ಎಂ.ಗಳಿಗೂ ಸ್ಟಾಫ್ ನರ್ಸುಗಳಿಗೂ ಹೆರಿಗೆ ತರಬೇತಿಯ ಹೊಸ ಮಾರ್ಗಸೂಚಿ ಬಂದದ್ದು 2005ರಲ್ಲಿ, ಅದನ್ನು ತಿದ್ದಿದ್ದು 2010ರಲ್ಲಿ. ಆ ಹೊತ್ತಿಗೆ ನನಗೆ ಬಡ್ತಿ ಸಿಕ್ಕಿ, ಹಲವು ಉಪಕೇಂದ್ರಗಳ ಮೇಲ್ವಿಚಾರಣೆ ನನ್ನದಾಗಿತ್ತು. ತರಬೇತಿಯಲ್ಲಿ ಆ ಮಾರ್ಗಸೂಚಿಯ ಪುಸ್ತಕ ಕೈಗೆ ಬಂದಾಗ ನಾನು ಮೊದಲು ಹುಡುಕಿದ್ದು ಫಿಟ್ಸ್ ಬಗ್ಗೆ. ಅಲ್ಲಿತ್ತು. ಎರಡೂ ಪಿರ್ರೆಗೆ ಐದೈದು ಗ್ರಾಂ, ಸ್ನಾಯುವಿನ ಆಳಕ್ಕೆ, ಮೊದಲ ಡೋಸನ್ನು ಎ.ಎನ್.ಎಂ. ಕೊಟ್ಟು ತಕ್ಷಣ ದೊಡ್ಡಾಸ್ಪತ್ರೆಗೆ ಕಳಿಸಬೇಕು. ರಕ್ತ ಹೋಗದಂತೆ, ಹೆರಿಗೆಯಾದ ಒಂದು ನಿಮಿಷದೊಳಗೆ 10 ಯೂನಿಟ್ ಆಕ್ಸಿಟೋಸಿನ್. ಅದಿಲ್ಲದ ಕಡೆ ಮೂರು ಮಿಸೊಪ್ರೊಸ್ಟಾಲ್ ಮಾತ್ರೆ. ಬೀದರಿನ ಡಾಕ್ಟರು ತಮ್ಮ ಸಹಿಯ ಬಲದಿಂದ ಒಂದು ಪಿ.ಎಚ್.ಸಿ.ಗೆ ಮಾಡಿದ್ದನ್ನು ಸರ್ಕಾರ ಇಡೀ ದೇಶಕ್ಕೆ ಮಾಡಿತ್ತು. ಪಕ್ಕದಲ್ಲಿ ಕೂತಿದ್ದ ಕಿರಿಯ ನರ್ಸಿಗೆ ಅದೊಂದು ಪಾಠ, ಪರೀಕ್ಷೆಗೆ ಓದಬೇಕಾದ್ದು. ನನಗೆ ಅಂದು ಮಧ್ಯಾಹ್ನ ಊಟ ಸೇರಲಿಲ್ಲ.

ಡಾಕ್ಟರು ಮಾತ್ರ ಮಾಡಬೇಕು ಎಂಬ ಕೆಲಸ ಬೇರೆಯವರ ಕೈಗೆ ಬಂದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಜಿಲ್ಲೆಯದೇ ಒಂದು ಹಳೆಯ ಉದಾಹರಣೆ ಇದೆ. ಅದನ್ನು ನನಗೆ ಹೇಳಿದ್ದು ನಮ್ಮ ಪಿ.ಎಚ್.ಸಿ.ಯ ಲ್ಯಾಬ್ ಟೆಕ್ನಿಷಿಯನ್. ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ 1959ರಲ್ಲಿ ಆರಂಭವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯಲ್ಲಿ ಅವರು ತರಬೇತಿ ಪಡೆದಿದ್ದರು. ಆ ಸಂಸ್ಥೆಯವರು ಅರವತ್ತರ ದಶಕದ ಮೊದಲಲ್ಲಿ ಸಮೀಕ್ಷೆಗೆ ಆರಿಸಿಕೊಂಡದ್ದು ನಮ್ಮ ತುಮಕೂರು ಜಿಲ್ಲೆಯನ್ನು. ಹಳ್ಳಿ ಹಳ್ಳಿಗೆ ಎಕ್ಸ್‌ರೇ ಒಯ್ದು, ಕಫ ತೆಗೆಸಿ ನೋಡಿದರು. ಕ್ಷಯ ಇದೆಯೆಂದು ಗೊತ್ತಾದವರ ಬಳಿಗೆ ಹೋಗಿ, ನಿಮಗೆ ಕೆಮ್ಮಿದ್ದದ್ದು ಗೊತ್ತಿತ್ತೇ, ಏನು ಮಾಡಿದಿರಿ ಎಂದು ವಿಚಾರಿಸಿದರು. ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ 1963ರಲ್ಲಿ ಪ್ರಕಟಿಸಿದ ಆ ಅಧ್ಯಯನ, ಹಳ್ಳಿಯವರಿಗೆ ತಿಳಿವಳಿಕೆ ಇಲ್ಲ ಎಂದು ನಂಬಿದ್ದವರ ಬಾಯಿ ಮುಚ್ಚಿಸಿತು. ಅರ್ಧಕ್ಕಿಂತ ಹೆಚ್ಚು ಜನ ಆಗಲೇ ಆಸ್ಪತ್ರೆಗೆ ಹೋಗಿದ್ದರು, ಕೆಮ್ಮಿನ ಔಷಧಿ ಕೊಟ್ಟು ಅವರನ್ನು ವಾಪಸು ಕಳಿಸಲಾಗಿತ್ತು.

ಅಧ್ಯಯನ ಅಚ್ಚಾಗುವ ಮೊದಲೇ ಆ ಸಮೀಕ್ಷೆಯಿಂದ ಹೊಸ ದಾರಿ ಹುಟ್ಟಿತ್ತು. ಎದೆಯ ತಜ್ಞರಿಗೆ ಕಾಯುವುದು ಬೇಡ, ಹತ್ತಿರದ ಆಸ್ಪತ್ರೆಯಲ್ಲೇ ಒಂದು ಮೈಕ್ರೋಸ್ಕೋಪ್ ಇರಲಿ, ತರಬೇತಿ ಪಡೆದವರೊಬ್ಬರು ಕಫ ನೋಡಿ ಹೇಳಲಿ ಎಂಬುದು. 1962ರ ಜಿಲ್ಲಾ ಕ್ಷಯ ಕಾರ್ಯಕ್ರಮದ ಜೀವಾಳ ಅದೇ. ನಮ್ಮ ಟೆಕ್ನಿಷಿಯನ್ ಗಾಜಿನ ಮೇಲೆ ಕಫ ಸವರಿ, ಕೆಂಪು ಬಣ್ಣ ಹಾಕಿ ಬಿಸಿ ಮಾಡಿ, ಆ್ಯಸಿಡ್‌ನಲ್ಲಿ ತೊಳೆದು, ನೀಲಿ ಹಾಕಿ ನೋಡುತ್ತಿದ್ದರು. ಒಮ್ಮೆ ನನ್ನನ್ನು ಕರೆದು ತೋರಿಸಿದರು. ನೀಲಿಯ ಮಧ್ಯೆ ಸಣ್ಣ ಕೆಂಪು ಕಡ್ಡಿಗಳು. ಅವರು ಇದೆ ಎಂದು ಬರೆದರೆ ಡಾಕ್ಟರು ಮದ್ದು ಶುರು ಮಾಡುತ್ತಿದ್ದರು. ರೋಗ ಗುರುತಿಸುವ ಕೆಲಸ ಡಾಕ್ಟರ ಕಿವಿಯಿಂದ ಟೆಕ್ನಿಷಿಯನ್ನನ ಕಣ್ಣಿಗೆ ದಾಟಿತ್ತು, ಮತ್ತು ಆ ಕಣ್ಣು ಹೆಚ್ಚು ನಂಬಿಕೆಯದಾಗಿತ್ತು. ಇದನ್ನು ನಮ್ಮ ಜನರಿಗೆ ಯಾರೂ ಹೇಳಿಲ್ಲ. ದೇಶ ಕಲಿತ ಪಾಠವೊಂದು ನಮ್ಮ ಜಿಲ್ಲೆಯ ಕೆಮ್ಮಿನಿಂದ ಬಂತು ಎಂದು ತುಮಕೂರಿನ ಶಾಲೆಗಳಲ್ಲಾದರೂ ಹೇಳಿಕೊಡಬೇಕು.

ತೆಂಗಿನ ನಾಡಿನಲ್ಲಿ ಇನ್ನೊಂದು ಪಾಠವಿದೆ, ಅದು ಮರದಿಂದ ಬೀಳುವುದು. ಮಳೆ ಬಂದು ಬೊಡ್ಡೆ ಜಾರುವಾಗ, ಗರಿ ಮುರಿದಾಗ, ಕಾಯಿ ಕೀಳುವವರು ಅಷ್ಟೆತ್ತರದಿಂದ ಬೀಳುತ್ತಾರೆ. ಕೂಡಲೇ ಸುತ್ತಲಿನವರು ಓಡಿ ಬಂದು ಕಂಕುಳಿಗೆ ಕೈ ಹಾಕಿ ಎಬ್ಬಿಸಿ ಕೂರಿಸಿ ನೀರು ಕುಡಿಸುತ್ತಾರೆ. ಬೆನ್ನುಮೂಳೆ ಮುರಿದಿದ್ದರೆ ಆ ಎಬ್ಬಿಸುವುದರಲ್ಲೇ ನರ ತುಂಡಾಗಿ, ಸೊಂಟದ ಕೆಳಗೆ ಸ್ವಾಧೀನ ಹೋಗಬಹುದು. ಹಾಗಾದ ಗಂಡಸರನ್ನು ನಾನು ವರ್ಷಗಟ್ಟಲೆ ಮನೆಗಳಲ್ಲಿ ನೋಡಿದ್ದೇನೆ, ಅವರ ಬೆನ್ನಿನ ಹುಣ್ಣು ತೊಳೆದಿದ್ದೇನೆ. ಜಿಲ್ಲಾ ಆಸ್ಪತ್ರೆಯ ಮೂಳೆ ಡಾಕ್ಟರೊಬ್ಬರು ನಮಗೆ ಕಲಿಸಿಕೊಟ್ಟಿದ್ದನ್ನು ನಾವು ಊರವರಿಗೆ ಕಲಿಸಿದೆವು. ಮೊದಲು ಕಾಲ ಬೆರಳು ಆಡಿಸಲು ಹೇಳಿ. ಕುತ್ತಿಗೆ ಅಲುಗದಂತೆ ಒಬ್ಬರು ತಲೆ ಹಿಡಿಯಿರಿ. ನಾಲ್ಕು ಜನ ಒಟ್ಟಿಗೆ ಒಂದೇ ಸಲ ಮಗ್ಗುಲು ತಿರುಗಿಸಿ, ಬಾಗಿಲ ಹಲಗೆಯೋ ಬೆಂಚೋ ಕೆಳಗೆ ತೂರಿಸಿ. ಆಟೋದಲ್ಲಿ ಕೂರಿಸಬೇಡಿ. ತೋಟಗಳಿಗೆ ಹೋಗಿ, ಕಾಯಿ ಸುಲಿಯುವವರನ್ನೂ ಕೊಬ್ಬರಿ ಒಡೆಯುವ ಹೆಂಗಸರನ್ನೂ ನಿಲ್ಲಿಸಿಕೊಂಡು, ಒಬ್ಬನನ್ನು ಮಲಗಿಸಿ ಎತ್ತಿ ತೋರಿಸುತ್ತಿದ್ದೆ. ಹುಡುಗರು ನಗುತ್ತಿದ್ದರು, ಆದರೂ ಕಲಿತರು. 2008ರ ನವೆಂಬರಿನಲ್ಲಿ 108 ಆರೋಗ್ಯ ಕವಚದ ಗಾಡಿಗಳು ಬಂದ ಮೇಲೆ ಈ ಕೆಲಸಕ್ಕೆಂದೇ ಕಲಿತವರು, ಹಲಗೆ, ಕುತ್ತಿಗೆ ಪಟ್ಟಿ ಎಲ್ಲ ಬಂತು. ಅವರು ಬರುವವರೆಗಿನ ಅರ್ಧ ಗಂಟೆ ಮಾತ್ರ ಈಗಲೂ ಮರದ ಕೆಳಗೆ ನಿಂತವರದೇ.

ಹೊರಗಿನ ಸುದ್ದಿ ನಮಗೆ ತಿಳಿಯುತ್ತಿದ್ದುದು ತರಬೇತಿಗೆ ಬರುತ್ತಿದ್ದ ಡಾಕ್ಟರುಗಳಿಂದ. ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ಅಭಯ್ ಬಂಗ್ ಮತ್ತು ರಾಣಿ ಬಂಗ್ ದಂಪತಿ ಹಳ್ಳಿಯ ಹೆಂಗಸರಿಗೆ ಎಳೆಗೂಸಿನ ನಂಜು ಗುರುತಿಸಿ ಇಂಜೆಕ್ಷನ್ ಕೊಡುವುದನ್ನು ಕಲಿಸಿ, ಶಿಶುಮರಣ ತಗ್ಗಿಸಿದ್ದನ್ನು 1999ರಲ್ಲಿ ಜಗತ್ತಿಗೆ ತೋರಿಸಿದರು. ನಮ್ಮದೇ ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಸುದರ್ಶನ್ ಅವರ ಸಂಸ್ಥೆ ಸೋಲಿಗರ ಹೆಣ್ಣುಮಕ್ಕಳನ್ನೇ ಎ.ಎನ್.ಎಂ.ಗಳನ್ನಾಗಿ ತಯಾರು ಮಾಡಿತು. ಆಫ್ರಿಕಾದ ಮೊಜಾಂಬಿಕ್ ಎಂಬತ್ತರ ದಶಕದಿಂದ ಡಾಕ್ಟರಲ್ಲದವರಿಗೇ ಸಿಸೇರಿಯನ್ ಕಲಿಸುತ್ತಿದೆ ಎಂದಾಗ ನಮ್ಮ ಬ್ಯಾಚಿನವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನಮ್ಮಲ್ಲಿ ಅದು ಬೇಡ ಎಂದೇ ನನ್ನ ಅಭಿಪ್ರಾಯ. ನಮಗೆ ಅಷ್ಟರಮಟ್ಟಿನ ಬರ ಬಂದಿಲ್ಲ. ತಾಲ್ಲೂಕು ಆಸ್ಪತ್ರೆಗಳಲ್ಲಿ ಅರಿವಳಿಕೆ ಡಾಕ್ಟರಿಲ್ಲದೆ ಸಿಸೇರಿಯನ್ ನಿಂತುಹೋದಾಗ, ಎಂ.ಬಿ.ಬಿ.ಎಸ್. ಡಾಕ್ಟರುಗಳಿಗೇ 18 ವಾರದ ಅರಿವಳಿಕೆ ತರಬೇತಿ ಕೊಟ್ಟದ್ದು ನಮ್ಮ ಪರಿಸ್ಥಿತಿಗೆ ಹೊಂದುವ ದಾರಿ.

2019ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾಯ್ದೆ ಬಂದಾಗ ದೇಶದ ಡಾಕ್ಟರುಗಳು ಹೊರರೋಗಿ ವಿಭಾಗ ಮುಚ್ಚಿ ಮುಷ್ಕರ ಮಾಡಿದರು. ಅದರ 32ನೇ ಕಲಂ ಡಾಕ್ಟರಲ್ಲದವರಿಗೂ ಸಮುದಾಯ ಆರೋಗ್ಯ ಸೇವೆಗೆ ಸೀಮಿತ ಪರವಾನಗಿ ಕೊಡಬಹುದು ಎಂದಿತ್ತು. ನಕಲಿ ಡಾಕ್ಟರುಗಳಿಗೆ ಬಾಗಿಲು ತೆರೆದಂತಾಗುತ್ತದೆ ಎಂಬುದು ಅವರ ಕೋಪ. ಆ ಕೋಪದಲ್ಲಿ ನ್ಯಾಯವಿದೆ. ಕಾಂಪೌಂಡರಾಗಿದ್ದವರು ನಾಲ್ಕು ವರ್ಷದಲ್ಲಿ ಬೋರ್ಡು ಹಾಕಿಕೊಂಡು, ಮೈಕೈ ನೋವಿಗೆಲ್ಲ ಸ್ಟೆರಾಯ್ಡ್ ಚುಚ್ಚಿ, ಸುಸ್ತೆಂದವರಿಗೆಲ್ಲ ಗ್ಲೂಕೋಸ್ ಬಾಟಲಿ ನೇತುಹಾಕುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಸ್ಟೆರಾಯ್ಡಿನಿಂದ ಮುಖ ದುಂಡಗಾಗಿ, ಸಕ್ಕರೆ ಏರಿ ನಮ್ಮ ಹತ್ತಿರ ಬಂದವರೂ ಇದ್ದಾರೆ. ಆದರೆ ಅಂಥ ನಕಲಿ ಡಾಕ್ಟರನ್ನೂ ನಮ್ಮನ್ನೂ ಒಂದೇ ತಕ್ಕಡಿಯಲ್ಲಿ ತೂಗಿದಾಗ ನನಗೆ ನೋವಾಗುತ್ತದೆ. ಅವನು ಏನು ಕೊಟ್ಟ ಎಂದು ಅವನಿಗೆ ಬಿಟ್ಟು ಇನ್ನಾರಿಗೂ ಗೊತ್ತಿಲ್ಲ. ನಾನು ಕೊಟ್ಟಿದ್ದು ರಿಜಿಸ್ಟರಿನಲ್ಲಿದೆ, ಅದನ್ನು ಓದಿ ಪ್ರಶ್ನೆ ಕೇಳುವ ಡಾಕ್ಟರಿದ್ದಾರೆ. ಆ ಪ್ರಶ್ನೆ ಕೇಳುವವರು ಇಲ್ಲವಾದ ದಿನ ನಾನೂ ಅವನಂತೆಯೇ ಅಪಾಯದವಳು. ಡಾಕ್ಟರುಗಳು ಹೋರಾಡಬೇಕಾದದ್ದು ಆ ಪ್ರಶ್ನೆ ಕೇಳುವ ಹಕ್ಕಿಗಾಗಿ, ಅದಕ್ಕೆ ಬೇಕಾದ ಸಮಯಕ್ಕಾಗಿ.

ನನ್ನ ತಂಗಿಯ ಮಗಳು ಈಗ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಉಪಕೇಂದ್ರವೊಂದರಲ್ಲಿ ಸಮುದಾಯ ಆರೋಗ್ಯ ಅಧಿಕಾರಿ. ಬಿ.ಎಸ್ಸಿ. ನರ್ಸಿಂಗ್ ಓದಿದವಳು, ಮೇಲೆ ಆರು ತಿಂಗಳ ಕೋರ್ಸು. 2018ರಲ್ಲಿ ಆಯುಷ್ಮಾನ್ ಭಾರತ ಬಂದ ಮೇಲೆ ಶುರುವಾದ ಹುದ್ದೆ, ಗುತ್ತಿಗೆಯದು. ನಮ್ಮ ಕಾಲದಲ್ಲಿ ಹೆರಿಗೆ, ಲಸಿಕೆ, ಕುಟುಂಬ ಯೋಜನೆ ಇವೇ ಕೆಲಸವಾಗಿದ್ದವು. ಅವಳ ಕಾಲಕ್ಕೆ ರೋಗಗಳೇ ಬದಲಾಗಿವೆ. 30 ದಾಟಿದವರಿಗೆಲ್ಲ ಬಿ.ಪಿ., ಸಕ್ಕರೆ ನೋಡಬೇಕು. ಮೊದಲು ತೋಟದ ಅಜ್ಜ ತಿಂಗಳಿಗೊಮ್ಮೆ ಬಿ.ಪಿ. ಮಾತ್ರೆಗೆಂದು ಬಸ್ಸು ಹತ್ತಿ ಹೋಗಿ, ಸಾಲಿನಲ್ಲಿ ನಿಂತು, ಒಂದು ದಿನ ಕಳೆದುಕೊಂಡು ಬರುತ್ತಿದ್ದ. ಎರಡು ತಿಂಗಳು ಹೋಗಿ ಮೂರನೇ ತಿಂಗಳು ಬಿಟ್ಟುಬಿಡುತ್ತಿದ್ದ. ಆಮೇಲೆ ಒಂದು ದಿನ ಲಕ್ವ. ಈಗ ಡಾಕ್ಟರು ಒಮ್ಮೆ ನೋಡಿ ಮಾತ್ರೆ ಬರೆದರೆ, ಮುಂದಿನ ತಿಂಗಳುಗಳಲ್ಲಿ ಊರಲ್ಲೇ ಇವಳು ಅಳೆದು ಕೊಡುತ್ತಾಳೆ. ಅನುಮಾನ ಬಂದರೆ ಇ-ಸಂಜೀವಿನಿಯಲ್ಲಿ ಡಾಕ್ಟರನ್ನು ಮೊಬೈಲಿನಲ್ಲೇ ಕೂರಿಸುತ್ತಾಳೆ.

"ಮಾತ್ರೆ ನಾನು ಕೊಡ್ತೀನಿ ದೊಡ್ಡಮ್ಮ, ಬದಲಾಯಿಸೋದು ಡಾಕ್ಟ್ರೇ," ಎಂದು ಅವಳು ಹೇಳಿದಾಗ ನನಗೆ ಸಮಾಧಾನವಾಯಿತು. ಗೆರೆ ಎಲ್ಲಿದೆ ಎಂದು ಅವಳಿಗೆ ಗೊತ್ತು.

ಸಮಾಧಾನವಿಲ್ಲದ್ದು ಬೇರೆ. ಕೆಳಗಿನವರಿಗೆ ಕೆಲಸ ದಾಟಿಸುವಾಗ ಅವರ ತಲೆಯ ಮೇಲಿದ್ದ ಹಳೆಯ ಕೆಲಸವನ್ನು ಯಾರೂ ಇಳಿಸುವುದಿಲ್ಲ. ಲಸಿಕೆಯ ರಿಜಿಸ್ಟರು ಹಾಗೇ ಇದೆ, ಅದರ ಮೇಲೆ ಆ್ಯಪ್, ಅದರ ಮೇಲೆ ಇನ್ನೊಂದು ಆ್ಯಪ್. ಡಾಕ್ಟರಿಂದ ನರ್ಸಿಗೆ, ನರ್ಸಿಂದ ಆಶಾ ಕಾರ್ಯಕರ್ತೆಗೆ ಕೆಲಸ ಇಳಿಯುತ್ತ ಹೋಗುತ್ತದೆ, ಸಂಬಳ ಮಾತ್ರ ಆ ಮೆಟ್ಟಿಲು ಇಳಿಯುವುದಿಲ್ಲ. 2025ರ ಜನವರಿಯಲ್ಲಿ ಆಶಾ ಕಾರ್ಯಕರ್ತೆಯರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಕೂತದ್ದು ಹದಿನೈದು ಸಾವಿರ ರೂಪಾಯಿ ಖಚಿತ ಗೌರವಧನಕ್ಕಾಗಿ. ಎಳೆಗೂಸಿನ ಉಸಿರು ಎಣಿಸಿ ನೋಡಿ ಅಪಾಯ ಗುರುತಿಸುವ ಹೆಂಗಸರು ಅವರು.

ನಿವೃತ್ತಿಯಾದ ಮೇಲೂ ತರಬೇತಿಗೆ ಕರೆದರೆ ಹೋಗುತ್ತೇನೆ. ಉಪಕೇಂದ್ರಕ್ಕೆ ಹೋದಾಗ ಹೊಸ ಬೋರ್ಡು, ಬಣ್ಣ ನೋಡುವುದಕ್ಕೆ ಮೊದಲು ಫ್ರಿಡ್ಜ್ ತೆಗೆಸಿ ಆಕ್ಸಿಟೋಸಿನ್ ಇದೆಯೇ, ತಾರೀಖು ಮುಗಿದಿದೆಯೇ ನೋಡುತ್ತೇನೆ. ಮೆಗ್ನೀಸಿಯಂ ಸಲ್ಫೇಟ್ ಎಲ್ಲಿದೆ ಎಂದು ಕೇಳಿದರೆ ಅಲ್ಲಿಯ ಹುಡುಗಿ ಹುಡುಕದೆ ಕೈ ಹಾಕಿ ತೆಗೆಯಬೇಕು. ಆಮೇಲೆ ಗೋಡೆಯ ಮೇಲೆ ಯಾವ ಡಾಕ್ಟರ ನಂಬರ್ ಬರೆದಿದೆ ಎಂದು ನೋಡಿ, ರಾತ್ರಿ ಎರಡು ಗಂಟೆಗೆ ಮಾಡಿದರೆ ಅವರು ಎತ್ತುತ್ತಾರಾ ಎಂದು ಕೇಳುತ್ತೇನೆ. ಎತ್ತುತ್ತಾರೆ ಎಂದು ಅವಳು ಥಟ್ಟನೆ ಹೇಳಿದರೆ ಅಲ್ಲಿ ಮುಂದಿನ ಪಾಠ ಶುರು ಮಾಡುತ್ತೇನೆ. ತಡವರಿಸಿದರೆ ಅವತ್ತಿನ ವರದಿಯಲ್ಲಿ ಮೊದಲ ಸಾಲು ಅದೇ, ಮತ್ತು ಅದರ ಒಂದು ಪ್ರತಿಯನ್ನು ತಾಲ್ಲೂಕು ಆರೋಗ್ಯಾಧಿಕಾರಿಗಳ ಕೈಗೆ ನಾನೇ ಕೊಟ್ಟು ಬರುತ್ತೇನೆ.